ಒಂಬತ್ತು ಸಲ ತೆಗೆದ ತಮ್ಮ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನೀವೇ ಕಂಡುಹಿಡಿದು ಮುಖ ಸಿಂಡರಿಸುವುದಕ್ಕಿಂತ ಇದು ವಾಸಿ. 'ನೀನು ಟೀಚರ್ ಆದ್ರೆ ಆ ಮಕ್ಕಳನ್ನ ದೇವರೇ ಕಾಪಾಡ್ಬೇಕು ಕಣೇ' ಅಂತ ನಮ್ಮಮ್ಮ ಅನ್ನುತ್ತಿದ್ದಳು. ಆದೆ. ಆದ ಮೊದಲ ವರ್ಷವೇ, ಹಾನಗಲ್ ತಾಲೂಕಿನ ಒಂದು ಸಣ್ಣ ಊರಿನ ಶಾಲೆಯಲ್ಲಿ, ಒಂಬತ್ತು ವರ್ಷದ ಹುಡುಗಿಯೊಬ್ಬಳು ಬರೆದಿದ್ದ ಅವಳ ತಮ್ಮನ ಚಿತ್ರವನ್ನು ನನ್ನ ಕೈಯಾರೆ ರಬ್ಬರು ಹಿಡಿದು ಉಜ್ಜಿ ಅಳಿಸಿದೆ. ಆ ತಮ್ಮ ಬದುಕಿಲ್ಲ, ಅವನದೊಂದು ಫೋಟೋ ಕೂಡ ಯಾರ ಹತ್ತಿರವೂ ಇಲ್ಲ, ಅವನು ಹೇಗಿದ್ದ ಅನ್ನುವುದಕ್ಕೆ ಆ ಹಾಳೆಯೊಂದೇ ಉಳಿದಿದ್ದ ಗುರುತು ಅನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂದ ಮಾತ್ರಕ್ಕೆ ಮಾಡಿದ್ದು ಮಾಡದ ಹಾಗೆ ಆಗುವುದಿಲ್ಲವಲ್ಲ.

ನಾನು ತುಮಕೂರು ಕಡೆಯವಳು. ಹುದ್ದೆ ಹೆಚ್ಚು ಖಾಲಿ ಇವೆ ಅಂತ ಹಾವೇರಿ ಜಿಲ್ಲೆಗೆ ಅರ್ಜಿ ಹಾಕಿದ್ದೆ. ಹಾನಗಲ್‌ನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ. ಬೆಳಿಗ್ಗೆ ತಿಳವಳ್ಳಿ ಕಡೆ ಹೋಗುವ ಬಸ್ಸು ಹತ್ತಿ, ನಡುದಾರಿಯಲ್ಲಿ ಇಳಿದು, ಗೋವಿನಜೋಳದ ಹೊಲಗಳ ನಡುವೆ ಹದಿನೈದು ನಿಮಿಷ ನಡೆದರೆ ಶಾಲೆ. ಜೋಳ ಆಳುದ್ದ ಬೆಳೆದು ನಿಂತಾಗ ಆ ದಾರಿಯಲ್ಲಿ ಒಬ್ಬಳೇ ಹೋಗುವುದಕ್ಕೆ ಭಯವಾಗಿ ಜೋರಾಗಿ ಮಗ್ಗಿ ಹೇಳಿಕೊಂಡು ಹೋಗುತ್ತಿದ್ದೆ. ಒಂದು ದಿನ ಜೋಳದೊಳಗಿಂದ ಯಾರೋ ಹೆಂಗಸು, 'ಹದಿನಾರೆಂಟ್ಲೆ ನೂರಾ ಇಪ್ಪತ್ತೆಂಟ್ರೀ ಅಕ್ಕೋರ, ನೂರಾ ಇಪ್ಪತ್ತಾರಲ್ಲ' ಅಂದಳು. ಅವತ್ತಿಂದ ಬಾಯಿ ಮುಚ್ಚಿಕೊಂಡು ನಡೆದೆ.

ಅಕ್ಕೋರು ಅಂದರೆ ಹೆಣ್ಣು ಟೀಚರು. ಆ ಪದವೇ ನನಗೆ ಹೊಸದು. ಕನ್ನಡವೇ ಅಲ್ಲವೇ, ಏನು ಮಹಾ ಅಂದುಕೊಂಡು ಬಂದವಳಿಗೆ ಮೊದಲ ತಿಂಗಳು ಕಣ್ಣು ಕತ್ತಲೆ ಬಂದಿತ್ತು. 'ಅಕ್ಕೋರ, ಇಂವ ಚೂಟಾಕತ್ತಾನ್ರೀ' ಅಂತ ಒಬ್ಬ ದೂರು ತಂದರೆ, ಚೂಟುವುದು ಅಂದರೆ ಚಿವುಟುವುದು ಅಂತ ತಿಳಿಯುವಷ್ಟರಲ್ಲಿ ಚಿವುಟಿಸಿಕೊಂಡವನ ತೋಳು ಕೆಂಪಾಗಿರುತ್ತಿತ್ತು. ನನ್ನ ಮಾತು ಅವರಿಗೆ ಇನ್ನೂ ವಿಚಿತ್ರ. ನಾನು 'ಬನ್ನಿ, ಕೂತ್ಕೊಳ್ಳಿ' ಅಂದಾಗಲೆಲ್ಲ ಹಿಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕನೆ ನಗುತ್ತಿದ್ದರು. ನಗಲಿ ಬಿಡಿ, ನಾನೂ ಮನೆಗೆ ಫೋನ್ ಮಾಡಿ ಅವರ ಮಾತನ್ನು ಆಡಿ ತೋರಿಸಿ ನಗುತ್ತಿದ್ದೆ.

ಶಾಲೆಯಲ್ಲಿ ನಾವು ಮೂವರು: ಹೆಡ್‌ಮಾಸ್ತರು, ನಾನು, ಮತ್ತು ಸವಣೂರಿನಿಂದ ಮದುವೆಯಾಗಿ ಹಾನಗಲ್‌ಗೆ ಬಂದಿದ್ದ ಹಿರಿಯ ಟೀಚರು. ಅವರನ್ನು ಇಡೀ ಶಾಲೆ 'ಆಪಾ' ಅನ್ನುತ್ತಿತ್ತು, ಅಕ್ಕ ಅಂತ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಗಟ್ಟಿ ಕನ್ನಡ. ಕಾಗುಣಿತ ತಪ್ಪಿದರೆ ಹೆಡ್‌ಮಾಸ್ತರನ್ನೂ ಬಿಡುತ್ತಿರಲಿಲ್ಲ. ತವರಿಗೆ ಹೋಗಿ ಬಂದಾಗಲೆಲ್ಲ ಸವಣೂರಿನ ಕುರುಕಲು ಖಾರದ ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟು, 'ತಿನ್ರಿ ತಂಗಿ, ಸೊರಗಿ ಕಡ್ಡಿ ಆಗೀರಿ' ಅನ್ನುವರು. ನಾನು ಸೊರಗಿರಲಿಲ್ಲ. ಆದರೂ ತಿನ್ನುತ್ತಿದ್ದೆ.

ಚಿತ್ರಕಲೆಗೆ ಅಂತ ಬೇರೆ ಟೀಚರು ಇರಲಿಲ್ಲ. 'ನೀವು ಹೊಸಬ್ರು, ಹುರುಪು ಐತಿ, ಶನಿವಾರದ ಆ ಎರಡು ತಾಸು ನೀವ ತಗೋರಿ' ಅಂತ ಹೆಡ್‌ಮಾಸ್ತರು ನನ್ನ ಕುತ್ತಿಗೆಗೆ ಕಟ್ಟಿದರು. ನನಗೆ ಚಿತ್ರ ಬರೆಯಲು ಬರುವುದಿಲ್ಲ. ನಾನು ಬರೆದ ಆಕಳನ್ನು ಮಕ್ಕಳು ಮಂಚ ಅಂದುಕೊಂಡಿದ್ದರು. ಆದರೂ ಆ ಎರಡು ತಾಸು ನನಗೆ ವಾರವೆಲ್ಲ ಕಾಯುವಂಥದ್ದಾಯಿತು. ಬಿಸಿಯೂಟದ ಅಡುಗೆಯವರು ಬೆಂಡೆಕಾಯಿಯ ತೊಟ್ಟಿನ ಕಡೆಯ ತುಂಡುಗಳನ್ನು ಎತ್ತಿಟ್ಟು ಕೊಡುವರು. ಅದನ್ನು ಬಣ್ಣದಲ್ಲಿ ಅದ್ದಿ ಒತ್ತಿದರೆ ಹೂವು. ಕಾಳು ಬಿಡಿಸಿದ ಜೋಳದ ತೆನೆಯನ್ನು ಬಣ್ಣದಲ್ಲಿ ಉರುಳಿಸಿ ಹಾಳೆಯ ಮೇಲೆ ಹೊರಳಿಸಿದರೆ ನೇಯ್ದ ಬಟ್ಟೆಯ ಹಾಗೆ ಅಚ್ಚು. ಬಣ್ಣ ಮುಗಿದರೆ ಅರಿಶಿನ, ಅದಕ್ಕೆ ಸುಣ್ಣ ಬೆರೆಸಿದರೆ ಕೆಂಪು. ಇದನ್ನು ನನಗೆ ಕಲಿಸಿದ್ದು ಮಕ್ಕಳೇ. ಒಬ್ಬ ಹುಡುಗ ಕೆರೆಮಣ್ಣಿನಲ್ಲಿ ಟ್ರ್ಯಾಕ್ಟರು ಮಾಡಿ ತಂದ. ಚಕ್ರ ತಿರುಗುವುದಿಲ್ಲವಲ್ಲೋ ಅಂದೆ. 'ಡೀಸೆಲ್ ಹಾಕಿಲ್ರೀ ಅಕ್ಕೋರ' ಅಂದ, ನನಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಅನ್ನುವ ಬೇಸರದಲ್ಲಿ.

ಇನ್ನು ಆ ಹುಡುಗಿ. ನಾಲ್ಕನೆಯ ಇಯತ್ತೆ, ಎರಡು ಜಡೆ, ಮಡಿಸಿ ಕಟ್ಟಿದ ಕೆಂಪು ರಿಬ್ಬನ್ನು. ಮಾತು ಕಡಿಮೆ. ಅಪ್ಪ ಗೌಂಡಿ ಕೆಲಸದವನು, ಮನೆ ಕಟ್ಟುವ ಕಡೆಯೆಲ್ಲ ಹೋಗುವವನು. ಎಲ್ಲರೂ ಬೆಂಡೆಕಾಯಿ ಒತ್ತಿ ಹೂ ಮಾಡುವಾಗ ಇವಳು ಅದೇ ಬೆಂಡೆಕಾಯಿಯಲ್ಲಿ ಒಬ್ಬ ಮುದುಕಿಯ ಸುಕ್ಕು ಮುಖ ಮಾಡಿ, 'ನಮ್ಮಜ್ಜಿರಿ' ಅಂದಿದ್ದಳು. ಮಾರನೆಯ ದಿನ ದಾರಿಯಲ್ಲಿ ಒಬ್ಬ ಅಜ್ಜಿ ಎದುರಾದರು. ನೋಡಿದ ಕೂಡಲೇ, ಇವರು ಅವಳ ಅಜ್ಜಿ ಅಂತ ನನಗೆ ಗೊತ್ತಾಯಿತು. ಅಂಥ ಕೈ ಅವಳದು.

ದೀಪಾವಳಿಗೆ ಮುಂಚೆ ಪಾಲಕರ ಸಭೆ ಇತ್ತು. ಗೋಡೆ ಖಾಲಿ ಹೊಡೆಯುತ್ತಿದೆ, ಏನಾದರೂ ಮಾಡಿಸಿ ಅಂದರು ಹೆಡ್‌ಮಾಸ್ತರು. ಹಳೆಯ ಕ್ಯಾಲೆಂಡರುಗಳ ಹಾಳೆ ಕೂಡಿಸಿ, ಹಿಂಬದಿಯ ಬಿಳಿಯಲ್ಲಿ 'ನಮ್ಮ ಮನೆ ಮಂದಿ' ಅಂತ ಪ್ರತಿಯೊಬ್ಬರೂ ಒಂದು ಚಿತ್ರ ಬರೆಯಬೇಕು ಅಂತ ಹೇಳಿದೆ. ಮೊದಲು ಪೆನ್ಸಿಲ್ಲು, ಮುಂದಿನ ವಾರ ಬಣ್ಣ. ಶುರುವಾದ ಹತ್ತೇ ನಿಮಿಷಕ್ಕೆ ಟ್ರ್ಯಾಕ್ಟರಿನ ಹುಡುಗ ತನ್ನ ಮನೆಯ ಜಗುಲಿಯ ಮೇಲೆ ಬ್ಯಾಟು ಹಿಡಿದ ಒಬ್ಬ ಆಟಗಾರನನ್ನು ಕೂರಿಸಿದ್ದ.

'ಇವರು ಯಾವಾಗಪ್ಪ ನಿಮ್ಮನೆಗೆ ಬಂದಿದ್ದು?'

'ದಿನಾ ಬರ್ತಾರ್ರೀ, ಟಿವ್ಯಾಗ.'

ತರಗತಿಯೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ, ಆದರೆ ಅಲ್ಲೇ ಒಂದು ಕಟ್ಟಳೆ ಮಾಡಿದೆ: ಮನೆಯಲ್ಲಿ ನಿಜವಾಗಿ ಇರುವವರು ಮಾತ್ರ. ಸುಳ್ಳು ಸುಳ್ಳು ಸೇರಿಸಬಾರದು.

ಹಾಗೇ ತಿರುಗುತ್ತ ಈ ಹುಡುಗಿಯ ಹತ್ತಿರ ಬಂದೆ. ಅಪ್ಪ ಗಾರೆ ಮೆತ್ತುವ ಕರಣೆ ಹಿಡಿದು ನಿಂತಿದ್ದ. ಅವ್ವ, ಅಜ್ಜಿ, ಇವಳು. ಅವ್ವನ ಮಗ್ಗುಲಲ್ಲಿ ಒಂದು ಪುಟ್ಟ ಕೂಸು, ಮುಷ್ಟಿ ಬಿಗಿಹಿಡಿದು ಮಲಗಿತ್ತು.

'ಇದ್ಯಾರು?'

'ತಮ್ಮರಿ.'

ನನಗೆ ಗೊತ್ತಿದ್ದಂತೆ ಅವಳು ಒಬ್ಬಳೇ ಮಗಳು. ಆ ತಿಂಗಳಷ್ಟೇ ಮನೆ ಮನೆ ತಿರುಗಿ ಮಕ್ಕಳ ಪಟ್ಟಿ ಮಾಡಿದ್ದೆ. ತಪ್ಪಿದ್ದರೆ ಅಂತ ತರಗತಿಯನ್ನೇ ಕೇಳಿದೆ: 'ಇವಳಿಗೆ ತಮ್ಮ ಇದಾನೇನ್ರೋ?'

'ಇಲ್ರೀ!' ಅಂತ ಇಡೀ ತರಗತಿ. ಹಿಂದಿನಿಂದ ಒಂದು ದನಿ, 'ಸುಳ್ಳ ಹೇಳ್ತಾಳ್ರೀ ಅಕ್ಕೋರ.'

ಹುಡುಗಿ ತಲೆ ಎತ್ತಲಿಲ್ಲ. ನನಗೆ ಕೆಟ್ಟೆನಿಸಿತು, ಬೈಯುವುದು ಬೇಡ ಅಂದುಕೊಂಡು ಮೆತ್ತಗೆ ಬೆರಳಿಟ್ಟು ತೋರಿಸಿದೆ. 'ಇದನ್ನ ತೆಗಿ.'

ಅವಳು ಥಟ್ಟನೆ ಮುಖ ಎತ್ತಿದಳು. ಆ ಮುಖ ಈಗಲೂ ಕಣ್ಣ ಮುಂದಿದೆ. ಅಷ್ಟು ದಿನದಲ್ಲಿ ಅವಳು ನನ್ನನ್ನು ನೋಡಿ ನಕ್ಕಿದ್ದು ಅದೇ ಮೊದಲು. 'ತಗೀಲೇನ್ರಿ?' ಅಂದಳು.

'ಹೂಂ, ತೆಗಿ. ಬೇಗ.'

ಅರ್ಧ ತಾಸು ಬಿಟ್ಟು ಬಂದು ನೋಡಿದರೆ ಕೂಸು ಹೋಗಿಲ್ಲ, ಜೊತೆಗೆ ಇನ್ನೊಂದು ಕೂಸು! ಇದು ಆಕಳಿಸುತ್ತಿತ್ತು. 'ಏನಿದು? ತೆಗಿ ಅಂದೆನಲ್ಲ?' ಅಂದೆ. 'ತಗದೇನ್ರಿ' ಅಂತ ಹೊಸ ಕೂಸನ್ನು ಬೆರಳಲ್ಲಿ ತೋರಿಸಿದಳು. ಹಿಂದೆ ಯಾರೋ ಕಿಸಕ್ಕಂದರು. ನನಗೆ ಮೈ ಉರಿಯಿತು. 'ತಮಾಷೆ ಮಾಡ್ತೀಯಾ? ಎಲ್ಲಾ ತೆಗಿ. ಒಂದೂ ಬಿಡ್ಬೇಡ, ಪೂರ್ತಿ ತೆಗಿ!' ಅಂತ ಗದರಿ, ಅತ್ತ ಜಗಳ ಬಿಡಿಸಲು ಹೋದೆ.

ಮೂರನೆಯ ಸಲ ಬಂದಾಗ ಆ ಹಾಳೆಯಲ್ಲಿ ಒಂಬತ್ತು ಕೂಸುಗಳಿದ್ದವು. ಒಂದು ಅಳುತ್ತಿತ್ತು. ಒಂದು ತನ್ನ ಹೆಬ್ಬೆರಳನ್ನು ಬಾಯಿಗೆ ತಂದು ಗುರಿ ತಪ್ಪಿ ಗಲ್ಲಕ್ಕೆ ಒತ್ತಿಕೊಂಡಿತ್ತು. ಒಂದಕ್ಕೆ ಎಣ್ಣೆ ಹಚ್ಚಿ ಯಾರದೋ ಚಾಚಿದ ಕಾಲ ಮೇಲೆ ಮಲಗಿಸಿ ನೀರು ಹಾಕುತ್ತಿದ್ದರು. ಒಂದು ಸುಮ್ಮನೆ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು. ಒಂದರ ಹಾಗೆ ಒಂದಿರಲಿಲ್ಲ, ಆದರೆ ಎಲ್ಲವೂ ಒಂದೇ ಕೂಸು ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ಒಂಬತ್ತು ವರ್ಷದ ಹುಡುಗಿ ಅಷ್ಟು ಚೆನ್ನಾಗಿ ಬರೆದಿದ್ದಾಳೆ ಅನ್ನುವುದನ್ನು ನಾನು ಕಂಡೆ. ಕಂಡೂ ನನ್ನ ತಲೆಯಲ್ಲಿ ಓಡಿದ್ದು ಒಂದೇ: ಮೂರು ಸಲ ಹೇಳಿದರೂ ಕೇಳದೆ ಎಲ್ಲರ ಮುಂದೆ ನನ್ನನ್ನು ಕೋಡಂಗಿ ಮಾಡುತ್ತಿದ್ದಾಳೆ. ಹಾಳೆ ಕಿತ್ತುಕೊಂಡೆ. ರಬ್ಬರು ತೆಗೆದುಕೊಂಡು, ನಿಂತಲ್ಲೇ, ಒಂದೊಂದಾಗಿ ಒಂಬತ್ತನ್ನೂ ಉಜ್ಜಿದೆ. ಒಂದು ಕಡೆ ಹಾಳೆ ಚೂರು ಹರಿಯಿತು.

ಅವಳು ಅಳಲಿಲ್ಲ. 'ನೀವ ತಗಿ ಅಂದ್ರೆಲ್ರೀ ಅಕ್ಕೋರ' ಅಂದಳು, ಅಷ್ಟೇ.

'ಹೌದು, ನಾನೇ ಅಂದೆ! ಒಂದ್ಸಲ ಅಲ್ಲ, ಮೂರು ಸಲ ಅಂದೆ!' ಅಂತ ಕೂಗಿದೆ.

ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ಒಂದು ದಿನವೂ ತಪ್ಪಿಸದ ಹುಡುಗಿ. ಒಳಗೆ ಏನೋ ಚುಚ್ಚುತ್ತಿದ್ದರೂ ನಾನು ಸರಿ ಅನ್ನುವುದನ್ನು ಯಾರಿಂದಾದರೂ ಅನ್ನಿಸಿಕೊಳ್ಳಬೇಕಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆಪಾ ಮುಂದೆ ಕೂತು ನಡೆದದ್ದೆಲ್ಲ ಹೇಳಿದೆ. ತೆಗಿ ಅಂದಷ್ಟೂ ಬರೆಯುತ್ತಾಳೆ ನೋಡಿ ಆಪಾ, ಎಂಥ ಹಟ ಅಂದೆ.

ಆಪಾ ನಗುವುದಕ್ಕೆ ಶುರು ಮಾಡಿದರು. 'ಅಯ್ಯ ತಂಗೀ, ನಮ್ಮ ಕಡೆ ಚಿತ್ರ ಬರಿಯೂದಿಲ್ರೀ, ಚಿತ್ರ ತಗಿತಾರ. ತಗಿ ಅಂದ್ರ ಬರಿ ಅಂತ. ಅಳಸೂದಿತ್ತು ಅಂದ್ರ ಅಳಸು ಅನ್ನಬೇಕು, ಇಲ್ಲಾ ವರಸು ಅನ್ನಬೇಕು. ನೀವು ತಗಿ ತಗಿ ಅಂದ್ರಿ, ಪಾಪ ಅದು ತಗೀತು. ಏನೇನು ತಗೀತು?'

'ಒಂದು ಕೂಸು. ತಮ್ಮ ಅಂತೆ. ಇಲ್ಲದ ತಮ್ಮನ್ನ...'

ಆಪಾ ನಗು ಅಲ್ಲೇ ನಿಂತಿತು. ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೆ ಹಾಕಿದರು. 'ಇದ್ದನ್ರೀ' ಅಂದರು. 'ಹ್ವಾದ ವರ್ಷ ಇದ್ದ.'

ಅವರು ಹೇಳಿದ್ದು ಇಷ್ಟು. ಹುಡುಗಿಯ ತಾಯಿಯ ತವರು ಹಿರೇಕೆರೂರ ಕಡೆ, ಮಾಸೂರು. ಎರಡನೆಯ ಬಾಣಂತನಕ್ಕೆ ಅಲ್ಲಿಗೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿದ್ದಳು. ಗಂಡುಮಗು. ಐದು ತಿಂಗಳು ತುಂಬಿಸಿ ಗಂಡನ ಮನೆಗೆ ಕಳಿಸುವುದು ಅಂತ ಮಾತಾಗಿತ್ತು. ಎಳೆಯ ಕೂಸಿನ ಫೋಟೋ ತೆಗೆಸಬಾರದು, ದೃಷ್ಟಿಯಾಗುತ್ತದೆ ಅಂತ ತವರಿನ ಹಿರಿಯರು ಯಾರ ಫೋನಿಗೂ ಮಗುವನ್ನು ತೋರಿಸಗೊಡಲಿಲ್ಲ. ಕಳಿಸುವಾಗ ತೆಗೆಸೋಣ ಅಂದಿದ್ದರು. ಮೂರನೆಯ ತಿಂಗಳು ಜ್ವರ ಬಂತು, ಎರಡೇ ದಿನ. ತಾಯಿ ಮಗಳು ಇಬ್ಬರೇ ವಾಪಸು ಬಂದರು.

'ಈ ಊರವ್ರು ಯಾರೂ ಆ ಕೂಸಿನ ಮಾರಿನ ನೋಡಿಲ್ರೀ. ಅದಕ ಹುಡ್ರು ಇಲ್ಲ ಅಂದ್ರು. ಅವ್ರದೇನೂ ತಪ್ಪಿಲ್ಲ' ಅಂದರು ಆಪಾ. 'ನಿಮ್ದೂ ತಪ್ಪಿಲ್ಲ' ಅಂತ ಸೇರಿಸಿದರು, ಆದರೆ ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಆ ನಗುಮುಖ ನೆನಪಾಯಿತು. ತೆಗಿ ಅಂದಾಗ ಅವಳು ಯಾಕೆ ನಕ್ಕಳು ಅಂತ ಆಗ ಹೊಳೆಯಿತು. ತರಗತಿಯೆಲ್ಲ ಸುಳ್ಳಿ ಅಂದಾಗ, ಅಕ್ಕೋರು ಒಬ್ಬರೇ ಅವಳನ್ನು ನಂಬಿ, ಬರಿ ಮಗಳೇ ಅಂದಿದ್ದರು. ಆಮೇಲೆ ಅದೇ ಅಕ್ಕೋರು ಕಿತ್ತುಕೊಂಡು ಉಜ್ಜಿದರು. ಆಪಾ ಎದುರೇ ಅತ್ತೆ. ಅವರು ಬೆನ್ನು ಸವರಿ, 'ಅಳೂದು ಆಮ್ಯಾಲ ಅಳ್ರಿ. ಮೊದಲು ಅವರ ಮನೀಗೆ ಹೋಗ್ರಿ' ಅಂದರು.

ಆ ಹಾಳೆ ನನ್ನ ಕಪಾಟಿನಲ್ಲೇ ಇತ್ತು. ಶಾಲೆ ಬಿಟ್ಟ ಮೇಲೆ ಸುರುಳಿ ಸುತ್ತಿ ಹಿಡಿದುಕೊಂಡು ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಈ ಹುಡುಗಿ ಇನ್ನು ಮೇಲೆ ಪೆನ್ಸಿಲ್ಲು ಮುಟ್ಟದೇ ಹೋದರೆ? ನೆನಪಿನಲ್ಲಿ ಇಟ್ಟುಕೊಂಡಿದ್ದನ್ನು ಅವಳು ಕೈಬಿಟ್ಟರೆ ಆ ಕೂಸು ಯಾರಿಗೆ ಇರುತ್ತದೆ?

ಅವಳ ತಾಯಿ ಅಂಗಳದಲ್ಲಿ ಜೋಳದ ತೆನೆ ಸುಲಿಯುತ್ತ ಕೂತಿದ್ದಳು. ನನ್ನನ್ನು ಕಂಡು ಗಡಬಡಿಸಿ ಎದ್ದಳು. 'ಬರ್ರಿ ಅಕ್ಕೋರ, ಬರ್ರಿ. ಒಳಗ ಕುಂದರ್ರಿ. ಹೊಟ್ಟಿನೋವು ಅಂತ ಎರಡ ದಿನ ಆತು ಮಲಗ್ಯಾಳ್ರಿ. ಓವಾ ಕಾಳು ತಿನ್ನಾಕ ಕೊಟ್ಟೆ, ಕಡಿಮಿ ಆಗವಲ್ದು.' ಮಗಳು ಮನೆಯಲ್ಲಿ ಏನೂ ಹೇಳಿರಲಿಲ್ಲ. ಬಾಗಿಲ ಹಿಂದೆ ಎರಡು ಕಾಲು ಕಾಣುತ್ತಿದ್ದವು.

ಚಹಾ ಮಾಡುತ್ತೇನೆ ಅಂತ ಹೊರಟವಳನ್ನು ತಡೆದು ಕೂರಿಸಿದೆ. ಹೇಗೆ ಶುರು ಮಾಡುವುದು? ಮಗು ಕಳೆದುಕೊಂಡವಳ ಮುಂದೆ ಆ ಮಗುವಿನ ಮಾತು ಎತ್ತಬೇಕು. 'ಹೊಟ್ಟೆನೋವಲ್ಲಮ್ಮ. ನನ್ನಿಂದ ತಪ್ಪಾಗಿದೆ' ಅಂದೆ. ಹೇಳಿದೆ. ತೆಗಿ ಅಂದಿದ್ದು, ಅವಳು ಬರೆದಿದ್ದು, ನಾನು ಅಳಿಸಿದ್ದು, ಒಂದನ್ನೂ ಮುಚ್ಚಿಡಲಿಲ್ಲ. ಅವಳು ಕೇಳುತ್ತ ಕೇಳುತ್ತ ಸೀರೆ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಕೈ ಚಾಚಿದಳು. ಹಾಳೆ ಕೊಟ್ಟೆ.

ಅಪ್ಪ, ಅಜ್ಜಿ, ಅವ್ವ, ಮಗಳು ನಾಲ್ವರೂ ಸ್ಪಷ್ಟವಾಗಿದ್ದರು. ಸುತ್ತ ಬೂದಿಬಣ್ಣದ ಒಂಬತ್ತು ಕಲೆ. ಅವಳು ಹಾಳೆಯನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದಳು. ಹುಡುಗಿ ಪೆನ್ಸಿಲ್ಲು ಒತ್ತಿ ಬರೆಯುವವಳು. ಕಪ್ಪು ಹೋದರೂ ಗೆರೆಯ ಕುಳಿ ಹಾಳೆಯಲ್ಲಿ ಉಳಿದಿತ್ತು. ತಾಯಿಯ ಬೆರಳು ಒಂದು ಕುಳಿಯ ಮೇಲೆ ಮೆಲ್ಲಗೆ ಸರಿಯಿತು.

'ಇದು ನೀರ ಎರಿಯೂ ಮುಂದ... ನಮ್ಮವ್ವನ ಕಾಲಮ್ಯಾಲ ಹಾಕ್ಕೊಂಡದ್ದು' ಅಂದಳು. ನನಗೆ ಹೇಳಿದ್ದಲ್ಲ. ಆಮೇಲೆ ದನಿ ಎತ್ತಿ, 'ಬಾ ಇಲ್ಲಿ' ಅಂತ ಮಗಳನ್ನು ಕರೆದಳು.

ಹುಡುಗಿ ಬಂದು ಗೋಡೆಗೆ ಒರಗಿ ನಿಂತಳು.

'ಇದನ್ನ ನೀನ ತಗದೇನು?'

ತಲೆ ಆಡಿಸಿದಳು.

'ನನಗ್ಯಾಕ ಹೇಳ್ಲಿಲ್ಲ?'

ಹುಡುಗಿ ಗೋಡೆಯ ಸುಣ್ಣವನ್ನು ಉಗುರಿನಲ್ಲಿ ಕೆರೆದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು: 'ಅವ್ವ ಅಳತಾಳ, ತಮ್ಮನ ಮಾತು ತಗೀಬ್ಯಾಡ ಅಂತ ಅಪ್ಪ ಹೇಳ್ಯಾನ. ಮನ್ಯಾಗ ತಗೀಬ್ಯಾಡ ಅಂತಾರ. ಸಾಲ್ಯಾಗ ಅಕ್ಕೋರು ತಗಿ ಅಂದ್ರು. ಅದಕ ತಗದೆ.'

ತಾಯಿ ಅವಳನ್ನು ಕೈಹಿಡಿದು ಎಳೆದು ಮಡಿಲಿಗೆ ಹಾಕಿಕೊಂಡಳು. ಅಷ್ಟು ದೊಡ್ಡ ಹುಡುಗಿ ಮಡಿಲಲ್ಲಿ ಹಿಡಿಸುತ್ತಿರಲಿಲ್ಲ, ಕಾಲು ಜೋಳದ ಸಿಪ್ಪೆಯ ರಾಶಿಯಲ್ಲಿ ಹೋಗಿ ಬಿದ್ದವು. ಇಬ್ಬರೂ ಅತ್ತರು. ನಾನು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಒಂದು ತೆನೆ ಕೈಗೆ ತಗೊಂಡು ಸುಲಿಯುತ್ತ ಕೂತೆ. ಸುಲಿಯಲು ನನಗೆ ಬರುವುದಿಲ್ಲ, ಕಣ್ಣೂ ಕಾಣುತ್ತಿರಲಿಲ್ಲ.

'ತಗಿ ಮಗಳ' ಅಂದಳು ತಾಯಿ ಕೊನೆಗೆ. 'ಎಷ್ಟ ಬೇಕು ಅಷ್ಟ ತಗಿ. ಅತ್ರ ಅಳಲಿ ನಿಮ್ಮವ್ವ.'

ಚೀಲದಲ್ಲಿ ಒಂದು ಹೊಸ ಕ್ಯಾಲೆಂಡರ್ ಹಾಳೆ ಇಟ್ಟುಕೊಂಡು ಹೋಗಿದ್ದೆ. ಕೊಡುವ ಧೈರ್ಯ ಅಲ್ಲಿಯವರೆಗೆ ಬಂದಿರಲಿಲ್ಲ. ಕೊಟ್ಟೆ. ಹುಡುಗಿ ನನ್ನ ಮುಖವನ್ನು ನೋಡಿದಳು, ಈ ಹೆಂಗಸನ್ನು ನಂಬಬಹುದೋ ಇಲ್ಲವೋ ಅನ್ನುವ ಹಾಗೆ. ನಮ್ಮ ತುಮಕೂರು ಕಡೆಯ ಮಾತಿನಲ್ಲಿ, ಯಾವ ಅನುಮಾನಕ್ಕೂ ಎಡೆಯಿಲ್ಲದ ಹಾಗೆ, 'ಬರಿ ಕಂದ' ಅಂದೆ. ನೆಲದ ಮೇಲೆ ಬೋರಲು ಮಲಗಿ ಶುರು ಮಾಡಿದಳು.

ಆಮೇಲೆ ಅಲ್ಲಿ ನಡೆದಿದ್ದು ಜಗಳ. ಬೇರೆ ಹೆಸರಿಲ್ಲ ಅದಕ್ಕೆ. 'ಕಿವಿ ಅಷ್ಟ ದೊಡ್ಡು ಎಲ್ಲಿದ್ದೂ?' ಅಂದಳು ತಾಯಿ. 'ಇದ್ದೂ ಅವ್ವ. ಅಪ್ಪನಂಗ ಇದ್ದೂ.' 'ಏ ಹುಚ್ಚಿ, ನಮ್ಮಣ್ಣನಂಗ ಇದ್ದೂ, ಸಣ್ಣೂ.' 'ನೀ ಮಲಗಿರ್ತಿದ್ದಿ, ನಾ ನೋಡೇನಿ.' 'ಹಡದಾಕಿ ನಾನೋ ನೀನೋ?' ಕಿವಿ ಎರಡು ಸಲ ಅಳಿಸಿ ಎರಡು ಸಲ ಬರೆದಾಯಿತು. ಹಣೆಯ ಮೇಲೆ ಕೂದಲು ಸುಳಿ ಸುತ್ತಿದ್ದು ಎಡಕ್ಕೋ ಬಲಕ್ಕೋ ಅಂತ ಮತ್ತೊಂದು ವಾದ. ಅದರ ನಡುವೆ ಯಾವಾಗಲೋ ತಾಯಿ ನಕ್ಕಳು. ನಕ್ಕು ತಾನೇ ಗಾಬರಿಯಾದವಳಂತೆ ಬಾಯಿಗೆ ಸೆರಗು ಹಿಡಿದಳು. ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಆಡದೇ ಇದ್ದ ಮಾತು ಅದು. ಈಗ ನಿಲ್ಲುತ್ತಲೇ ಇರಲಿಲ್ಲ. ನನ್ನ ಕೊನೆಯ ಬಸ್ಸು ತಪ್ಪಿತು. ಅವಳ ಗಂಡ ಕೆಲಸದಿಂದ ಬಂದು, ಏನು ಎತ್ತ ಅಂತ ಕೇಳಿ, ಹಾಳೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ, 'ಕಿವಿ ನನ್ನಂಗ ಅದಾವಲ್ಲ' ಅಂದ. ಮಗಳು ಅವ್ವನ ಕಡೆ ನೋಡಿ ಹುಬ್ಬು ಹಾರಿಸಿದಳು. ಅವನೇ ನನ್ನನ್ನು ಗಾಡಿಯಲ್ಲಿ ಹಾನಗಲ್‌ವರೆಗೆ ಬಿಟ್ಟು ಹೋದ. ನಾನು ಇಳಿಯುವಾಗ, 'ನಾ ಎರಡ ಸಲ ನೋಡಿದ್ದೆ ಅಷ್ಟರೀ ಅವನ್ನ' ಅಂದ.

ಪಾಲಕರ ಸಭೆಯ ದಿನ ಆ ಚಿತ್ರ ಉಳಿದವುಗಳ ಜೊತೆ ಗೋಡೆಯ ಮೇಲಿತ್ತು. ಈ ಸಲ ಮನೆ ಮಂದಿಯೆಲ್ಲರ ನಡುವೆ ಒಂದೇ ಕೂಸು, ಅವ್ವನ ತೊಡೆಯ ಮೇಲೆ, ಕಣ್ಣು ಬಿಟ್ಟುಕೊಂಡು. ಅರಿಶಿನ ಸುಣ್ಣದ ಕೆಂಪಿನಲ್ಲಿ ಅದರ ತಲೆಗೊಂದು ಕುಂಚಿಗೆ. ಟ್ರ್ಯಾಕ್ಟರಿನ ಹುಡುಗ ಬಂದು ನಿಂತು, 'ಇಂವ ಯಾರಲೇ?' ಅಂದ. 'ನನ್ನ ತಮ್ಮ. ಮಾಸೂರಾಗ ಇದ್ದ' ಅಂದಳು. ಅವನು ಸ್ವಲ್ಪ ಹೊತ್ತು ನೋಡಿ, 'ಚಲೋ ಅದಾನ' ಅಂತ ಹೇಳಿ ತನ್ನ ಚಿತ್ರ ತೋರಿಸಲು ಅವ್ವನನ್ನು ಎಳೆದುಕೊಂಡು ಹೋದ. ಅವತ್ತಿಂದ ಅವನು ಏನು ತಪ್ಪು ಮಾಡಿದರೂ ಬೈಯುವುದಕ್ಕೆ ನನಗೆ ಬಾಯಿ ಬರುತ್ತಿರಲಿಲ್ಲ.

ಈಗ ನನಗೆ ಶಿಗ್ಗಾಂವ ಕಡೆ ವರ್ಗವಾಗಿದೆ. ಮಾತು ಸಾಕಷ್ಟು ತಿರುಗಿದೆ. ಊರಿಗೆ ಹೋದರೆ ನಮ್ಮಮ್ಮ, 'ಏನೇ ಇದು, ಯಾವ ಸೀಮೆ ಭಾಷೆ' ಅನ್ನುತ್ತಾಳೆ. ಸಿಟ್ಟು ಮಾತ್ರ ಹಾಗೇ ಇದೆ. ಆದರೆ ಮಗುವಿನ ಕೈಯಿಂದ ಹಾಳೆ ಕಿತ್ತುಕೊಂಡಿದ್ದು ಅದೇ ಕೊನೆ. ಆ ಚಿತ್ರದ ವಿಷಯದಲ್ಲಿ ಮಾತ್ರ ನಾನು ಇನ್ನೊಂದು ಎಡವಟ್ಟು ಮಾಡುವುದು ಬಾಕಿ ಇತ್ತು.

ಅದೇ ವರ್ಷ, ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅವರು ನನ್ನನ್ನು ಊಟಕ್ಕೆ ಕರೆದರು. ಅಪ್ಪ ಆ ಚಿತ್ರಕ್ಕೆ ಹಾನಗಲ್‌ನಲ್ಲಿ ಚೌಕಟ್ಟು, ಗಾಜು ಹಾಕಿಸಿದ್ದಾನೆ ಅಂತ ಹುಡುಗಿ ಮೊದಲೇ ಹೇಳಿದ್ದಳು. ಬರಿಗೈಯಲ್ಲಿ ಹೇಗೆ ಹೋಗುವುದು ಅಂತ, ಬಹಳ ತಿಳಿದವಳ ಹಾಗೆ, ಸಂತೆಯಲ್ಲಿ ಎರಡು ಮೊಳ ಸೇವಂತಿಗೆ ಮಾಲೆ ಕೊಂಡೆ. ತೀರಿಹೋದವರ ಫೋಟೋ ಇದ್ದ ಮನೆಗೆ ಹೋಗುವಾಗ ನಮ್ಮ ಕಡೆ ಹೂವು ಒಯ್ಯುತ್ತೇವೆ.

ಚಿತ್ರ ನಡುಮನೆಯಲ್ಲಿ ಬಾಗಿಲಿಗೆ ಎದುರಾಗಿ ಇತ್ತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದವಳೇ ನೇರ ಅದರ ಮುಂದೆ ನಿಂತು, ಮಾಲೆ ಬಿಚ್ಚಿ, ಚೌಕಟ್ಟಿಗೆ ಹಾಕಲು ಕೈ ಎತ್ತಿದೆ. ಅಡುಗೆಮನೆಯಿಂದ ತಾಯಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಓಡಿಬಂದು ನನ್ನ ಮುಂಗೈ ಹಿಡಿದುಕೊಂಡಳು.

'ಬ್ಯಾಡ್ರಿ ಅಕ್ಕೋರ, ಬ್ಯಾಡ್ರಿ. ಹಾರ ಹಾಕಬ್ಯಾಡ್ರಿ.'

ನಾನು ಎತ್ತಿದ ಕೈ ಇಳಿಸಿದೆ.

'ಇದರಾಗ ನಾವು ಎಲ್ಲಾರೂ ಅದೀವಲ್ರೀ' ಅಂದಳು. 'ನಾನು, ಅವರು, ಅತ್ತಿ, ಇಕಿ. ಇದ್ದವ್ರಿಗೆ ಹಾರ ಹಾಕೂದಿಲ್ರೀ.'

ಕೂಸು ಅವಳ ತೊಡೆಯ ಮೇಲೆ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು. ಅವಳು ನನ್ನ ಕೈಯಿಂದ ಮಾಲೆಯನ್ನು ಬಿಡಿಸಿಕೊಂಡು, ನಡುವೆ ದಾರವನ್ನು ಹಲ್ಲಿನಿಂದ ಕಡಿದು ಎರಡು ತುಂಡು ಮಾಡಿ, ಒಂದನ್ನು ಹಿಂದೆಯೇ ಬಂದ ಮಗಳಿಗೆ ಮುಡಿಯಲು ಕೊಟ್ಟಳು, ಇನ್ನೊಂದನ್ನು ನನ್ನ ಕೈಗಿಟ್ಟು, 'ಹಿಟ್ಟಿನ ಕೈ ಆಗೇತಿ, ನನಗ ನೀವ ಮುಡಸ್ರಿ' ಅಂತ ಬೆನ್ನು ತಿರುಗಿಸಿ ನಿಂತಳು.